ಕೊನೆಯ ಹಿಡಿ

ಸೊಪ್ಪಕ್ಕನಿಗೆ ತಲೆಬುಡ ತಿಳಿಯದೆ ಹೋದದ್ದು ಹುಟ್ಟಿದಾಗಿನಿಂದ ಅದೇ ಮೊದಲು. ಅಲ್ಲಿಯವರೆಗೆ ತಲೆ ಕೆಡಿಸಿಕೊಳ್ಳುವ ಸರದಿ ಯಾವಾಗಲೂ ಅವಳ ಎದುರಿಗೆ ನಿಂತವರದು. ಒಂದು ಕಟ್ಟು ಸೊಪ್ಪಿಗೆ ಚೌಕಾಸಿ ಮಾಡಿದವರನ್ನು "ದುಡ್ಡು ಉಳಿಸ್ಕೊಳ್ಳಮ್ಮಾ, ಅದನ್ನೇ ಬೇಯಿಸ್ಕೊಂಡು ತಿನ್ನು" ಎಂದು ಓಡಿಸಿದ ಬಾಯಿ ಅದು. ಅಂಥವಳು ಆವತ್ತು ಬೆಳಿಗ್ಗೆ ಕೆರೆಯಲ್ಲಿ ಸೊಂಟದವರೆಗೆ ಮುಳುಗಿ ನಿಂತು, ಹೋದ ವಾರ ತಾನೇ ಮುಂದೆ ನಿಂತು ಬೋಳು ಮಾಡಿಸಿದ ನೀರಿನಲ್ಲಿ ಮತ್ತೆ ತೇಲುತ್ತಿದ್ದ ಹಸಿರು ಗೊಂಚಲುಗಳನ್ನು ಬಾಯಿ ತೆರೆದುಕೊಂಡು ನೋಡುತ್ತಿದ್ದಳು. ಜೊಂಡಿನ ಬುಡದಲ್ಲೊಂದು, ಬಂಡೆಯ ಸಂದಿಯಲ್ಲೊಂದು, ಮುರುಕು ದೋಣಿಯ ನೆರಳಲ್ಲೊಂದು. ಯಾರೋ ಬೇಕೆಂದೇ ಇಟ್ಟು ಹೋದ ಹಾಗಿದ್ದವು.

"ಇದನ್ನ ಇಲ್ಲಿ ಯಾರು ತಂದಿಟ್ಟರು?" ಎಂದು ಕೇಳಿದಳು. ಕೇಳಿದ್ದು ನೀರನ್ನು. ನೀರು ಯಾವತ್ತು ಉತ್ತರ ಕೊಟ್ಟಿದೆ?

ಆ ಗಿಡಕ್ಕೆ ಊರವರು ಇಟ್ಟ ಹೆಸರು ಬಲೂನುಗಿಡ. ಅದರ ದಂಟು ಊದಿಕೊಂಡಿರುತ್ತದೆ, ಹಿಸುಕಿದರೆ ಪಟ್ ಎನ್ನುತ್ತದೆ. ನಮ್ಮ ನೀರಿನದಲ್ಲ, ಬೇರೆ ಯಾವುದೋ ಖಂಡದ್ದಂತೆ. ಯಾರೋ ಅನುಕೂಲಸ್ಥರು ಹೂ ಚೆಂದ ಎಂದು ತಂದು ಮನೆ ಮುಂದಿನ ತೊಟ್ಟಿಗೆ ಹಾಕಿಕೊಂಡರು. ತೊಟ್ಟಿ ತುಂಬಿದಾಗ ಮೋರಿಗೆ ಎಸೆದರು. ಮೋರಿ ಕೆರೆ ಸೇರಿತು. ಮೊದಲ ವರ್ಷ ಆ ತಿಳಿನೇರಳೆ ಹೂವನ್ನು ನೋಡಲು ಜನ ದಂಡೆಗೆ ಬಂದದ್ದೇ ಬಂದದ್ದು. ಸೊಪ್ಪಕ್ಕನೂ ಒಂದನ್ನು ಕಿತ್ತು ಬಾಟಲಿಯಲ್ಲಿ ನೀರು ಹಾಕಿ ಕಿಟಕಿಯಲ್ಲಿಟ್ಟಿದ್ದಳು, ಸುಳ್ಳು ಯಾಕೆ ಹೇಳಬೇಕು? ಮೂರನೇ ವರ್ಷಕ್ಕೆ ಕೆರೆಯೇ ಕಾಣದಾಯಿತು. ಹುಲ್ಲುಗಾವಲೆಂದು ನಂಬಿ ಒಂದು ಕರು ಅದರ ಮೇಲೆ ನಡೆದುಹೋಗಿ ಮುಳುಗಿದ ಮೇಲೆ ಜನಕ್ಕೆ ಭಯ ಬಂತು.

ಭಯ ಬಂತು, ಬುದ್ಧಿ ಬರಲಿಲ್ಲ. ಕೆರೆ ಆಫೀಸಿನವರು ಮೊದಲು ಬಂದು, ಮುಟ್ಟಬೇಡಿ, ಅದು ನೀರಿನ ಕೊಳೆ ಹೀರುತ್ತದೆ ಎಂದರು. ಆಮೇಲೆ ಇನ್ನೊಬ್ಬರು ಬಂದು, ಅಯ್ಯೋ, ಮೊದಲು ಕಿತ್ತುಹಾಕಿ ಎಂದರು. ನಡುವೆ ಯಾರೋ ಮೈಕು ಹಿಡಿದು, ಇದು ಕಳೆಯಲ್ಲ, ವರ, ಒಣಗಿದ ದಂಟಿನಲ್ಲಿ ಬುಟ್ಟಿ ಹೆಣೆಯಬಹುದು ಎಂದು ಹೇಳಿ ಚಪ್ಪಾಳೆ ಹೊಡೆಸಿಕೊಂಡು ಹೋದರು. ಹಸು ಸಾಕಿದವರು ಮೇವಿಗೆ ಇರಲಿ ಎಂದರು, ಮೀನು ಹಿಡಿಯುವವರು ಸುಟ್ಟುಹಾಕಿ ಎಂದರು. ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಊರು. ಎಲ್ಲರ ಮಾತಿಗೂ ತಲೆಯಾಡಿಸಿತು.

ಸೊಪ್ಪಕ್ಕನ ಮನೆಯಲ್ಲಂತೂ ಈ ಗಿಡ ಬಿಸಿ ತುಪ್ಪವಾಗಿತ್ತು, ನುಂಗುವ ಹಾಗಿಲ್ಲ, ಉಗುಳುವ ಹಾಗಿಲ್ಲ. ಮನೆಯಲ್ಲಿ ಇದ್ದದ್ದು ಮೂವರು. ತಮ್ಮ ಮೀನು ಹಿಡಿಯುವವನು. ಅವನ ದೋಣಿಗೆ ದಾರಿ ಬಿಡದೆ ಕಾಲು ಕಟ್ಟಿ ಕೂರಿಸಿದ್ದು ಇದೇ ಗಿಡ. ತಮ್ಮನ ಹೆಂಡತಿ, ಎಂದರೆ ಸೊಪ್ಪಕ್ಕನ ನಾದಿನಿ, ಇದೇ ಗಿಡದ ಒಣದಂಟಿನಲ್ಲಿ ಬುಟ್ಟಿ ಹೆಣೆದು ಅಂಗಡಿಗಳಿಗೆ ಹಾಕಿ, ಗಂಡನ ಬಲೆ ಒಣಗಿ ಬಿದ್ದಿದ್ದ ಆ ದಿನಗಳಲ್ಲಿ ಒಲೆ ಆರದ ಹಾಗೆ ನೋಡಿಕೊಂಡಳು. ಸೊಪ್ಪಕ್ಕನಿಗೆ ಇದೇ ಗಿಡವನ್ನು ಕೀಳುವ ಕೆಲಸ. ಒಬ್ಬನನ್ನು ಕೆಡವಿದ್ದೂ ಅದೇ, ಒಬ್ಬಳನ್ನು ಸಾಕಿದ್ದೂ ಅದೇ, ಮೂರನೆಯವಳಿಗೆ ಕೂಲಿ ಕೊಡಿಸಿದ್ದೂ ಅದೇ. ಊಟಕ್ಕೆ ಕೂತಾಗ ಅದನ್ನು ಬೈಯಬೇಕೋ ಹೊಗಳಬೇಕೋ ಯಾರಿಗೂ ತಿಳಿಯದೆ ಮೂವರೂ ತಟ್ಟೆ ನೋಡಿಕೊಂಡು ಉಣ್ಣುತ್ತಿದ್ದರು.

ಈ ತಮ್ಮನನ್ನು ಸೊಪ್ಪಕ್ಕ ಸೊಂಟದ ಮೇಲೆ ಹೊತ್ತು ಬೆಳೆಸಿದವಳು. ಅವಳ ತಾಯಿ ಕೆರೆಯಂಚಿನ ಸೊಪ್ಪು ಕಿತ್ತು ಮಾರಿ ಬದುಕಿದವಳು. ನಡೆಯಲು ಕಲಿತ ಮಗಳನ್ನು ನೇರ ನೀರಿಗೇ ಇಳಿಸಿ, ಯಾವುದು ತಿನ್ನುವುದು, ಯಾವುದು ಬಿಡುವುದು ಎಂದು ಕಲಿಸಿದಳು. ಎಲ್ಲಕ್ಕಿಂತ ಮೊದಲು ಕಲಿಸಿದ್ದು ಇನ್ನೊಂದು. ಆರು ವರ್ಷದ ಸೊಪ್ಪಕ್ಕ ಒಮ್ಮೆ ಹುರುಪಿನಲ್ಲಿ ಒಂದು ಮೂಲೆಯ ಹೊನಗನ್ನೆ ಸೊಪ್ಪನ್ನೆಲ್ಲ ಬಳಿದು ಕಿತ್ತು, "ನೋಡಮ್ಮ, ಪೂರ್ತಿ ಮುಗಿಸಿದೆ" ಎಂದು ತೋರಿಸಿದಾಗ ತಾಯಿ ಅವಳ ಅಂಗೈಗೆ ಫಟಾರನೆ ಬಾರಿಸಿದ್ದಳು.

"ಕೊನೇ ಹಿಡಿ ನೆಲದ್ದು ಕಣೇ. ಅದನ್ನ ಕಿತ್ತವಳ ಮನೆ ಒಲೆ ಹತ್ತಲ್ಲ. ಬುಡಕ್ಕೆ ಒತ್ತು, ನೀರು ಚಿಮುಕಿಸು, ಆಮೇಲೆ ಏಳು."

ಒತ್ತು, ಚಿಮುಕಿಸು, ಏಳು. ಕೆರೆಯಂಚಿನಲ್ಲಿ ಸೊಪ್ಪು ಕೀಳುವ ಹೆಂಗಸರೆಲ್ಲ ಹೀಗೇ. ತಾಯಿ ಜ್ವರದಲ್ಲಿ ತೀರಿಕೊಂಡಳು. ತಮ್ಮನಿಗೆ ಆಗಿನ್ನೂ ಹಾಲುಹಲ್ಲು ಬಿದ್ದಿರಲಿಲ್ಲ. ಸೊಪ್ಪಕ್ಕನನ್ನು ಕೇಳಿಕೊಂಡು ಒಂದು ಸಂಬಂಧ ಬಂತು, ಒಳ್ಳೆಯದೇ. "ನಾನು ಹೋದ್ರೆ ಈ ಕೋತೀನ ಯಾರು ನೋಡ್ಕೊಳ್ತಾರೆ?" ಎಂದು ವಾಪಸು ಕಳಿಸಿದಳು. ಅದಕ್ಕೆ ಅವಳು ಆಮೇಲೆ ನೊಂದಳೋ ಇಲ್ಲವೋ, ಕೇಳುವ ಧೈರ್ಯ ಇದ್ದವರು ಯಾರು? ಕೋತಿ ಬೆಳೆದು ದೋಣಿ ಕೊಂಡಿತು, ಹೆಂಡತಿಯನ್ನು ತಂದಿತು. ಹೂಂ, ಉಹೂಂ ಎರಡೇ ಮಾತಿನ ಗಂಡಸಾಯಿತು.

ಬಲೂನುಗಿಡ ಬಂದು ಕೆರೆಯಂಚಿನ ಸೊಪ್ಪನ್ನೆಲ್ಲ ನುಂಗಿದ ಮೇಲೆ ತಾಯಿಯ ಕಾಲದ್ದು ಎಂದು ಉಳಿದದ್ದು ಹಿತ್ತಲಿನ ಒಂದು ಚೂರು. ಬಚ್ಚಲ ನೀರು ಹರಿಯುವಲ್ಲಿ ತಾಯಿ ಊರಿದ್ದ ಹೊನಗನ್ನೆ ಮಡಿ. ಚಾಪೆಯಷ್ಟಗಲ ಇದ್ದೀತು. ಅದನ್ನು ಸೊಪ್ಪಕ್ಕ ಯಾರಿಗೂ ಮುಟ್ಟಗೊಡುತ್ತಿರಲಿಲ್ಲ.

ಆಫೀಸಿನಿಂದ ಈ ಸಲ ಬಂದದ್ದು ಒಬ್ಬ ಮೇಡಂ. ಚಿಕ್ಕ ವಯಸ್ಸು, ದಪ್ಪ ಕನ್ನಡಕ, ಕೆಸರಿಗೆ ಹೇಸದ ಕಾಲು. ಸೊಪ್ಪು ಮಾರುತ್ತಿದ್ದ ಹೆಂಗಸರನ್ನೇ ಹುಡುಕಿ ಕರೆದು, "ಕೆರೆಯಂಚು ನಿಮಗೆ ಗೊತ್ತಿರೋ ಹಾಗೆ ನಮಗೆ ಗೊತ್ತಿಲ್ಲ" ಎಂದು ಪಡುವಣ ಮೂಲೆಯನ್ನು ಅವರ ಕೈಗೆ ಕೊಟ್ಟಳು. ಸೊಪ್ಪಕ್ಕ ಮೇಸ್ತ್ರಿ. ಮೇಡಂ ಮಾತೂ ನೇರವಾಗಿ ಆಡಿದಳು.

"ಒಂದು ಗಿಡ ಉಳಿದ್ರೂ ಎರಡು ವಾರಕ್ಕೆ ಎರಡಾಗುತ್ತೆ, ಆಮೇಲೆ ನಾಲ್ಕು. ಈ ಮೂಲೇನ ಮಳೆಗಾಲದವರೆಗೆ ಚೊಕ್ಕಟವಾಗಿ ಇಟ್ಟು ತೋರ್ಸಿ. ಇಡೀ ಕೆರೇನ ಕೈಯಲ್ಲೇ ತೆಗೆಸ್ತೀನಿ, ಕೆಲ್ಸ ನಿಮಗೇ. ಆಗಲಿಲ್ಲ ಅಂದ್ರೆ ಮೇಲಿನವರು ಔಷಧಿ ಹೊಡೆಸ್ತಾರೆ. ಹೊಡೆದ ಮೇಲೆ ಮೀನು ಹಿಡಿಯೋದು ಬಂದ್. ಎಷ್ಟು ದಿನ ಅಂತ ನನಗೂ ಗೊತ್ತಿಲ್ಲ."

ಆ ಸಂಜೆ ತಮ್ಮ ಅಪರೂಪಕ್ಕೆ ಉದ್ದದ ಮಾತಾಡಿದ. "ನೀರು ಬಂದ್ ಆದ್ರೆ ಇವಳ ತವರಿಗೆ ಹೋಗೋದೇ. ಇವಳಣ್ಣನ ಮರದ ಅಡ್ಡೆಯಲ್ಲಿ ಕೆಲಸ ಇದೆ. ಒಂದು ಕೋಣೆ ಕೊಡ್ತಾರಂತೆ."

ಒಂದು ಕೋಣೆ. ಗಂಡ, ಹೆಂಡತಿ, ಒಂದು ಕೋಣೆ. ಅದರಲ್ಲಿ ತನ್ನ ಚಾಪೆ ಎಲ್ಲಿ ಹಾಸುವುದು ಎಂದು ಸೊಪ್ಪಕ್ಕ ಕೇಳಲಿಲ್ಲ. ಹೆತ್ತಿಲ್ಲ ಅನ್ನೋದೊಂದು ಬಿಟ್ಟರೆ ಅವನು ಅವಳ ಮಗನೇ. ಅವನು ಹೋಗಿಬಿಟ್ಟರೆ ಆ ಮನೆಯಲ್ಲಿ ಅವಳು ಯಾರಿಗೆ ಬೈಯಬೇಕು?

ಹಾಗಾಗಿ ಪಡುವಣ ಮೂಲೆಯಲ್ಲಿ ಒಂದೇ ಒಂದು ಬಲೂನುಗಿಡ ಉಳಿಯಕೂಡದು ಎಂದು ಹಟ ತೊಟ್ಟಳು. ಹೆಂಗಸರನ್ನು ಬೆಳಕು ಹರಿಯುವ ಮುಂಚೆ ಎಬ್ಬಿಸಿದಳು, ನೀರಿನಲ್ಲಿ ಹರಟಿದವರಿಗೆ ಉಗಿದಳು. ಮೂಲೆ ಕನ್ನಡಿಯಾಯಿತು. ಹತ್ತು ದಿನ ಕಳೆಯುವಷ್ಟರಲ್ಲಿ ಮತ್ತೆ ಹಸಿರು. ಕಿತ್ತರು, ಮತ್ತೆ ಬಂತು. ಗಾಳಿಗೆ ಈಚೆ ತೇಲಿ ಬಂತೇನೋ ಎಂದು ತಮ್ಮನೇ ಬಲೆ ಕಟ್ಟಿ ಮೂಲೆಯನ್ನು ಕೆರೆಯಿಂದ ಬೇರ್ಪಡಿಸಿದ. ಬಲೆಯ ಆಚೆಯದು ಆಚೆಯೇ ನಿಂತಿತು. ಈಚೆ ಮಾತ್ರ ಜೊಂಡಿನ ಬುಡದಲ್ಲಿ, ಬಂಡೆಯ ಸಂದಿಯಲ್ಲಿ, ದೋಣಿಯ ನೆರಳಲ್ಲಿ ಅವೇ ಗೊಂಚಲುಗಳು.

ಮೇಡಂ ನೋಡಿ ಮುಖ ಸಣ್ಣ ಮಾಡಿಕೊಂಡಳು. "ಇದು ತಾನಾಗಿ ಬರೋ ಹಾಗಿಲ್ಲ. ಯಾರೋ ಬೇಕು ಅಂತ ಹಾಕ್ತಿದಾರೆ. ಮುಂದಿನ ತಿಂಗಳು ಮೇಲಿನವರು ನೋಡೋಕೆ ಬರ್ತಾರೆ, ಅಷ್ಟರೊಳಗೆ ಹಿಡೀರಿ."

ಯಾರು? ಸೊಪ್ಪಕ್ಕ ಯೋಚಿಸಿದಳು. ಹಸು ಸಾಕುವವನೇ? ಅವನಿಗೆ ಆಚೆ ಬೇಕಾದಷ್ಟಿದೆ. ಹೂ ಮಾರುವವಳೇ? ಅವಳಿಗೆ ನೀರು ಕಂಡರೆ ಆಗದು. ಯೋಚನೆ ಸುತ್ತಿ ಸುತ್ತಿ ಬಂದು ತನ್ನ ಮನೆಯ ಹೊಸ್ತಿಲಲ್ಲೇ ಕೂತಿತು. ಈ ಗಿಡ ಬೇಕಾದವಳು ಒಬ್ಬಳೇ. ಥೂ, ಹಾಗಿರಲಾರದು ಎಂದುಕೊಂಡಳು. ಇದ್ದರೆ? ಎಂದುಕೊಂಡಳು. ಆವತ್ತಿನಿಂದ ನಾದಿನಿ ಕೆಮ್ಮಿದರೂ ಅನುಮಾನ, ನಕ್ಕರೂ ಅನುಮಾನ. ಕಾಮಾಲೆ ಕಣ್ಣಿಗೆ ಕಾಣುವುದೆಲ್ಲ ಹಳದಿ.

ಒಂದು ಮುಂಜಾನೆ ಎಲ್ಲರಿಗಿಂತ ಮೊದಲು ಹೋಗಿ ಮುರುಕು ದೋಣಿಯ ಹಿಂದೆ ಕೂತಳು. ಸ್ವಲ್ಪ ಹೊತ್ತಿಗೆ ನಾದಿನಿ ಬಂದಳು. ಕಂಕುಳಲ್ಲಿ ಬುಟ್ಟಿ, ಬುಟ್ಟಿಯಲ್ಲಿ ಬಲೂನುಗಿಡದ ದಂಟು. ಅತ್ತ ಇತ್ತ ನೋಡಿ ಬಗ್ಗಿ ಒಂದು ಕಟ್ಟನ್ನು ನೀರಿಗೆ ಇಳಿಬಿಟ್ಟಳು. ಅಷ್ಟೇ ಸಾಕಾಯಿತು.

"ಸಿಕ್ಕಿಬಿದ್ದೆಯಲ್ಲೇ ಕಳ್ಳಿ!" ಸೊಪ್ಪಕ್ಕನ ಕೂಗಿಗೆ ಆಗಷ್ಟೇ ಬರುತ್ತಿದ್ದ ಹೆಂಗಸರೆಲ್ಲ ಓಡಿ ಬಂದರು. "ಗಂಡನ ದೋಣಿ ಮುಳುಗಿದ್ರೂ ಪರವಾಗಿಲ್ಲ, ನಿನ್ನ ಬುಟ್ಟಿ ತೇಲಬೇಕು! ನಾವು ಹಗಲೆಲ್ಲ ನೆನೆದು ಕೀಳೋದು, ನೀನು ಬಂದು ಊರೋದು! ತವರಿಗೆ ಹೋಗೋಕೆ ಇಷ್ಟು ಅವಸರ ಇದ್ರೆ ಒಬ್ಬಳೇ ಹೋಗು, ನನ್ನ ತಮ್ಮನ್ನ ಯಾಕೆ ಎಳ್ಕೊಂಡು ಹೋಗ್ತೀಯಾ?"

ನಾದಿನಿ ಕೈಯಲ್ಲಿದ್ದ ಕಟ್ಟನ್ನು ನೀರಿನಿಂದ ಎತ್ತಿ ಹಿಡಿದಳು. "ಒಣಗಿದ್ದು ಅತ್ತಿಗೆ. ದಂಡೆ ಮೇಲಿನ ರಾಶಿಯಿಂದ ತಗೊಂಡಿದ್ದು, ಮೇಡಮ್ಮೇ ತಗೋ ಅಂದಿದ್ರು. ನೆನೆಸದೇ ಹೆಣೆದ್ರೆ ಮುರಿಯುತ್ತೆ. ಒಣಗಿದ ಕಡ್ಡಿ ಬೇರು ಬಿಡುತ್ತಾ?"

ಬಿಡುವುದಿಲ್ಲ. ಅಲ್ಲಿದ್ದವರಿಗೆಲ್ಲ ಗೊತ್ತು, ಸೊಪ್ಪಕ್ಕನಿಗೂ ಗೊತ್ತು. ಆದರೆ ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. "ಹಾಗಾದ್ರೆ ಅತ್ತ ಇತ್ತ ಯಾಕೆ ನೋಡಿದೆ?" ಎಂದು ಸೋಲಲಾರದೆ ಕೇಳಿದಳು.

"ನಿಮ್ಮ ಭಯಕ್ಕೆ" ಎಂದಳು ನಾದಿನಿ.

ಹೆಂಗಸರಲ್ಲಿ ಯಾರೋ ಕಿಸಕ್ಕನೆ ನಕ್ಕರು. ಸೊಪ್ಪಕ್ಕ ತಿರುಗಿ ನೋಡಿದ ಮೇಲೆ ಯಾರೂ ನಗಲಿಲ್ಲ.

ಸಂಜೆ ಮನೆಯಲ್ಲಿ ತಮ್ಮ ಗೋಡೆಗೆ ಒರಗಿ ಕೂತು ಬಲೆಯ ಗಂಟು ಬಿಚ್ಚುತ್ತಿದ್ದ. ಬಿಚ್ಚಿ ಮುಗಿದ ಮೇಲೆ ತಲೆಯೆತ್ತದೆ ಹೇಳಿದ. "ಮುಂದಿನ ತಿಂಗಳವರೆಗೆ ಯಾಕೆ ಕಾಯೋದು ಅಕ್ಕಾ. ನಾಳೇನೇ ಹೊರಡ್ತೀವಿ."

ಸೊಪ್ಪಕ್ಕ ತಪ್ಪಾಯಿತು ಎನ್ನಲು ಬಾಯಿ ತೆರೆದಳು. ಅಭ್ಯಾಸವಿಲ್ಲದ ಮಾತು. ಅಷ್ಟರಲ್ಲಿ ನಾದಿನಿಯೇ ಅಡುಗೆಮನೆಯಿಂದ ಹೇಳಿದಳು. "ನಾನು ಹೊರಡಲ್ಲ. ಕಳ್ಳಿ ಅನ್ನೋ ಹೆಸರು ಹೊತ್ಕೊಂಡು ತವರಿಗೆ ಹೋಗಲ್ಲ. ನಾಳೆ ನಾನೂ ನೀರಿಗೆ ಇಳೀತೀನಿ. ಯಾರು ಹಾಕ್ತಾರೋ ನೋಡೇಬಿಡೋಣ."

ಮಾರನೆಯ ದಿನ ಅವಳು ಬಂದದ್ದು ಒಂದು ದೊಡ್ಡ ಬುಟ್ಟಿ ಹಿಡಿದುಕೊಂಡು. ಗಿಡ ಕೀಳಲಿಲ್ಲ. ಹೆಂಗಸರ ಸಾಲು ಮುಂದೆ ಹೋದ ಹಾಗೆ ಅವರ ಹಿಂದೆ ಹಿಂದೆ ನೀರಿನಲ್ಲಿ ನಡೆದಳು. ಸೊಪ್ಪಕ್ಕನಿಗೆ ಬೆನ್ನ ಮೇಲೆ ಇರುವೆ ಹರಿದಂತಾಗುತ್ತಿತ್ತು. ತಿರುಗಿ ನೋಡಿದರೆ ಸೋತ ಹಾಗೆ ಎಂದು ನೋಡಲಿಲ್ಲ. ಮಧ್ಯಾಹ್ನ ಎಲ್ಲರೂ ದಂಡೆಯಲ್ಲಿ ಬುತ್ತಿ ಬಿಚ್ಚಿದಾಗ ನಾದಿನಿ ಬಂದು ಬುಟ್ಟಿಯನ್ನು ಸೊಪ್ಪಕ್ಕನ ಮುಂದೆ ಮಗುಚಿದಳು. ಬಲೂನುಗಿಡಗಳು. ಹಸಿಹಸಿ, ಕಪ್ಪು ಬೇರಿನಿಂದ ನೀರು ಸೋರುತ್ತಿತ್ತು.

"ಏನಿದು?"

"ಬೆಳಿಗ್ಗೆಯಿಂದ ನೀವು ಬಿಟ್ಟು ಬಂದಿದ್ದು."

"ನಾನಾ?"

"ನೀವು, ದೊಡ್ಡಮ್ಮ, ಇವರು, ಅವರು, ಎಲ್ಲರೂ. ಒಂದು ಜಾಗ ಮುಗಿಸಿ ಏಳೋವಾಗ ಒಬ್ಬೊಬ್ಬರೂ ಒಂದೊಂದನ್ನ ಬುಡಕ್ಕೆ ಒತ್ತಿ ಎದ್ರಿ. ಅತ್ತಿಗೆ, ನೀವಂತೂ ಅದಕ್ಕೆ ನೀರು ಬೇರೆ ಚಿಮುಕಿಸಿದ್ರಿ."

ಸೊಪ್ಪಕ್ಕ ನಕ್ಕಳು, ಬೈದಳು. "ನನ್ನ ಕೈ ನನಗೆ ಗೊತ್ತಿಲ್ವಾ?" ಎಂದಳು. ಆಮೇಲೆ ಊಟ ಬಿಟ್ಟು ಎದ್ದು ಒಬ್ಬಳೇ ನೀರಿಗಿಳಿದಳು. ತನ್ನ ಕೈಯನ್ನೇ ದಿಟ್ಟಿಸಿಕೊಂಡು ಒಂದು ಸಂದಿಯ ಗಿಡಗಳನ್ನು ಕಿತ್ತು ಕಿತ್ತು ದಂಡೆಗೆ ಎಸೆದಳು. ಪೂರ್ತಿ ಚೊಕ್ಕಟ. "ನೋಡಿದ್ಯಾ!" ಎಂದಳು. ಹೆಂಗಸರಲ್ಲೆಲ್ಲ ಹಿರಿಯಳಾದ ದೊಡ್ಡಮ್ಮ ದಂಡೆಯಿಂದ "ಏ, ಅಲ್ಲಿ ಇನ್ನೊಂದು ಸಂದಿ ಇದೆ ನೋಡು" ಎಂದು ಕೂಗಿದಳು. ಸೊಪ್ಪಕ್ಕ ಅದಕ್ಕೂ ಕೈ ಹಾಕಿದಳು, ಕೀಳುತ್ತ ದೊಡ್ಡಮ್ಮನಿಗೆ ಏನೋ ಮರುಮಾತು ಹೇಳಿದಳು, ಎದ್ದಳು. ಎದ್ದವಳು ಬಗ್ಗಿ ನೋಡಿದಳು. ಜೊಂಡಿನ ಬುಡದಲ್ಲಿ ಒಂದು ಗಿಡ ಅಚ್ಚುಕಟ್ಟಾಗಿ ಕೂತಿತ್ತು. ಎಲೆಯ ಮೇಲೆ ಈಗತಾನೆ ಚಿಮುಕಿಸಿದ ಹನಿ.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ ಎನ್ನುತ್ತಾರೆ. ಸೊಪ್ಪಕ್ಕನ ಅಂಗೈಗೆ ಬೇಕಾಯಿತು. ಕೈಯನ್ನು ಮಗುಚಿ ನೋಡಿದಳು, ಅಂಗೈ ನೋಡಿದಳು, ಇದು ಯಾರ ಕೈ ಎನ್ನುವ ಹಾಗೆ. ಇಷ್ಟು ದಿನ ಹುಡುಕಿದ ಕಳ್ಳಿ ತನ್ನ ಭುಜಕ್ಕೇ ಅಂಟಿಕೊಂಡಿದ್ದಾಳೆ, ತನಗೇ ಸುದ್ದಿಯಿಲ್ಲ. ಹಾಗಾದರೆ ನಡೆಯುವಾಗ ಕಾಲು ಏನು ಮಾಡುತ್ತಿರುತ್ತದೆ? ಮಾತಾಡುವಾಗ ಬಾಯಿ? ಅಬ್ಬಬ್ಬಾ, ಯೋಚಿಸಿದಷ್ಟೂ ಗೊಂದಲ ಹೆಚ್ಚಿತು.

"ಸರಿ ಹಾಗಾದ್ರೆ" ಎಂದು ದಂಡೆಗೆ ಬಂದು ಹೇಳಿದಳು. "ಇನ್ನು ಮೇಲೆ ಕೊನೇದನ್ನೂ ಕೀಳಿ."

ದೊಡ್ಡಮ್ಮ ಬುತ್ತಿಗೆ ಮುಚ್ಚಳ ಹಾಕಿದಳು. "ನನ್ನ ಕೈಲಾಗಲ್ಲ. ಕೊನೇ ಹಿಡಿ ನೆಲದ್ದು."

"ಇದು ಸೊಪ್ಪಲ್ಲ ದೊಡ್ಡಮ್ಮ, ಕಳೆ! ಬೇರೆ ದೇಶದ್ದು!"

"ನೆಲಕ್ಕೆ ಅದೆಲ್ಲ ಗೊತ್ತಾ? ಎಲ್ಲಿಂದ ಬಂದೆ ಅಂತ ಕೇಳಿ ಮೊಳೆಸುತ್ತಾ? ಅದರ ಹೂ ಕಿತ್ತು ಕಿಟಕೀಲಿ ಇಟ್ಟವಳು ನೀನೇ ಅಲ್ವಾ?"

ಸೊಪ್ಪಕ್ಕನಿಗೆ ದೊಡ್ಡಮ್ಮ ಹೇಳಿದ್ದು ಸರಿ ಎನಿಸಿತು. ಮೇಡಂ ಹೇಳಿದ್ದೂ ಸರಿ ಎನಿಸಿತು. ತಾಯಿ ಹೇಳಿದ್ದು ತಪ್ಪಾಗಲು ಸಾಧ್ಯವೇ ಇಲ್ಲ. ಮೂರೂ ಸರಿಯಾದರೆ ತಮ್ಮ ಊರು ಬಿಡುತ್ತಾನೆ. ಹೀಗೆ ಸರಿಯಾಗಿರುವವರ ನಡುವೆ ಸಿಕ್ಕಿಕೊಂಡು ಬದುಕುವುದಕ್ಕಿಂತ ಒಬ್ಬ ಒಳ್ಳೆಯ ಸುಳ್ಳುಗಾರನ ಜೊತೆ ಜಗಳ ಆಡುವುದು ಸುಲಭ.

ಆಗ ನಾದಿನಿ ಮೆಲ್ಲಗೆ ಹೇಳಿದಳು. "ನೀವೆಲ್ಲ ನಿಮ್ಮ ರೂಢಿ ಹಾಗೇ ಕೀಳಿ. ಕೊನೇದನ್ನ ನಾನು ಹಿಂದಿನಿಂದ ಬಂದು ಕೀಳ್ತೀನಿ. ನಾನು ಮರ ಕೊಯ್ಯೋರ ಮನೆಯವಳು, ನನಗೆ ನಿಮ್ಮ ಸೊಪ್ಪಿನ ಲೆಕ್ಕ ಇಲ್ಲ. ಪಾಪ ಅಂತ ಏನಾದ್ರೂ ಇದ್ರೆ ನನಗೇ ಇರಲಿ. ಹೇಗೂ ಕಳ್ಳಿ ಅಂತ ಆಗಿದೆಯಲ್ಲ."

ಹೆಂಗಸರಿಗೆಲ್ಲ ಸಮಾಧಾನವಾಯಿತು, ಪಾಪ ಪಕ್ಕದವರ ಪಾಲಾದರೆ ಯಾರಿಗೆ ಬೇಡ? ಸೊಪ್ಪಕ್ಕನಿಗೆ ಮಾತ್ರ ಕೊನೆಯ ಮಾತು ಚುಚ್ಚಿತು. ಬುಟ್ಟಿಯನ್ನು ನಾದಿನಿಯ ಕೈಯಿಂದ ಕಿತ್ತುಕೊಂಡಳು.

"ನಿನ್ನ ಒಲೆ ಯಾಕೆ ಆರಬೇಕು? ನೀನಿನ್ನೂ ಬಾಳಬೇಕಾದವಳು. ಹಿಂದಿನಿಂದ ನಾನು ಬರ್ತೀನಿ. ನನಗೆ ಒಲೆ ಅಂತ ಬೇರೆ ಎಲ್ಲಿದೆ?"

ತಪ್ಪಾಯಿತು ಎಂದು ಅವಳು ಹೇಳಿದ್ದು ಇಷ್ಟೇ, ಹೀಗೇ. ನಾದಿನಿಗೆ ಅರ್ಥವಾಯಿತು. ಕಣ್ಣು ತುಂಬಿಕೊಂಡಳು, ಮೂಗು ಒರೆಸಿಕೊಂಡು ಹೆಂಗಸರ ಸಾಲಿಗೆ ಸೇರಿದಳು.

ಮೊದಲ ದಿನ ಸೊಪ್ಪಕ್ಕ ಕೊನೆಯ ಗಿಡದ ಮುಂದೆ ಎಷ್ಟು ಹೊತ್ತು ನಿಂತಿದ್ದಳೋ. ಹಿಡಿದಳು, ಬಿಟ್ಟಳು, ಮತ್ತೆ ಹಿಡಿದಳು. ಕಣ್ಣು ಮುಚ್ಚಿ ಎಳೆದಳು. ಬುಡ ಖಾಲಿಯಾದ ಜಾಗದಲ್ಲಿ ನೀರು ಬಂದು ಕೂಡಿಕೊಂಡಿತು, ಏನೂ ಆಗಲಿಲ್ಲ. ಏನೂ ಆಗದೇ ಹೋದದ್ದಕ್ಕೇ ಅವಳಿಗೆ ಹೆಚ್ಚು ದಿಗಿಲಾಯಿತು. ಆ ಸಂಜೆ ಮನೆಗೆ ಹೋಗಿ ಒಲೆ ಹೊತ್ತುತ್ತದೋ ಇಲ್ಲವೋ ಎಂದು ತಾನೇ ಕಡ್ಡಿ ಗೀರಿ ನೋಡಿದಳು. ಭಗ್ಗನೆ ಹತ್ತಿತು. ತಾಯಿ ಹೇಳಿದ್ದು ಸುಳ್ಳೇ? ಅಥವಾ ಬೆಂಕಿಗೆ ಇನ್ನೂ ಸುದ್ದಿ ಮುಟ್ಟಿಲ್ಲವೇ? ಎರಡನೇ ದಿನ ಕಣ್ಣು ತೆರೆದುಕೊಂಡೇ ಎಳೆದಳು. ದಿನ ಹೋದ ಹಾಗೆ ಅವಳ ಬೆರಳು ಜೊಂಡಿನ ಬುಡಕ್ಕೆ ತಾವಾಗಿಯೇ ಹೋಗಿ, ಬೇರನ್ನು ತಾವಾಗಿಯೇ ಹುಡುಕಿ, ಬುಡಮಟ್ಟ ಕಿತ್ತು ಬೆನ್ನ ಹಿಂದಿನ ಬುಟ್ಟಿಗೆ ಎಸೆಯತೊಡಗಿದವು. ಅವಳು ಆ ಹೊತ್ತಿಗೆ ಮುಂದಿನವರಿಗೆ ಬೈಯುತ್ತಿರುತ್ತಿದ್ದಳು.

ಮೇಲಿನವರು ಬಂದರು. ದೋಣಿ ನಡೆಸಿದವನು ತಮ್ಮನೇ. ಮೂಲೆಯ ಒಂದೊಂದು ಸಂದಿಗೂ ಇಣುಕಿದರು. ಬಲೆಯ ಆಚೆ ಹಸಿರು, ಈಚೆ ಬರೀ ನೀರು. ನೀರಿನೊಳಗೆ ಮೀನುಮರಿಗಳ ಹಿಂಡು. ಔಷಧಿಯ ಮಾತು ಸದ್ಯಕ್ಕೆ ಬೇಡ, ಕೈಯಲ್ಲೇ ಮುಂದುವರಿಸಿ ಎಂದು ಹೇಳಿ ಕಾರು ಹತ್ತಿದರು. ಮೇಡಂ ಮಾತ್ರ ಹಿಂದೆ ಉಳಿದು, "ಈ ಸಲ ಏನು ಬೇರೆ ಮಾಡಿದ್ರಿ?" ಎಂದು ಕೇಳಿದಳು. ಹೆಂಗಸರೆಲ್ಲ ಆಕಾಶ ನೋಡಿದರು.

"ಬೇರೇನಿಲ್ಲ ಮೇಡಂ" ಎಂದಳು ನಾದಿನಿ. "ಅತ್ತಿಗೆ ಹಿಂದಿನಿಂದ ಬಂದ್ರು, ಅಷ್ಟೇ."

ತಮ್ಮ ದೋಣಿ ಕಟ್ಟಿ ಅಕ್ಕನ ಹತ್ತಿರ ಬಂದ. "ಹಗ್ಗ ಹಳೇದಾಯ್ತು ಅಕ್ಕಾ, ಹೊಸದು ತರಬೇಕು" ಎಂದ. ಊರು ಬಿಡುವವನು ದೋಣಿಗೆ ಹೊಸ ಹಗ್ಗ ತರುವುದಿಲ್ಲ. ಸೊಪ್ಪಕ್ಕನಿಗೆ ಅಷ್ಟು ಸಾಕು.

ಅವಳು ಮನೆಗೆ ಹಾರಿಕೊಂಡು ಬಂದಳು ಎನ್ನಬೇಕು. ನಾದಿನಿಗೆ ಹೊನಗನ್ನೆ ಇಷ್ಟ. ಮದುವೆಯಾಗಿ ಬಂದಾಗ ಒಮ್ಮೆ ಕೇಳಿದ್ದಳು, "ಅದು ನಮ್ಮಮ್ಮನ ಮಡಿ" ಎಂದು ಸೊಪ್ಪಕ್ಕ ಬಾಯಿ ಮುಚ್ಚಿಸಿದ್ದಳು. ಇವತ್ತು ಬೇಯಿಸಿ ಅವಳ ತಟ್ಟೆಗೆ ಮೊದಲು ಬಡಿಸಬೇಕು. ಹಿತ್ತಲಿಗೆ ಹೋಗಿ ಕುಕ್ಕರುಗಾಲಲ್ಲಿ ಕೂತಳು. ತಲೆಯಲ್ಲಿ ಹೊಸ ಹಗ್ಗ, ಮೀನುಮರಿ, ಇಡೀ ಕೆರೆಯ ಕೆಲಸ, ದೊಡ್ಡಮ್ಮನನ್ನು ಹೇಗೆ ಛೇಡಿಸುವುದು. ಕೈ ತನ್ನ ಪಾಡಿಗೆ ತಾನು ಕೆಲಸ ಮಾಡುತ್ತಿತ್ತು. ಮುಗಿಸಿ ಎದ್ದಳು.

ಮಡಿ ಬೋಳಾಗಿತ್ತು. ಒಂದು ಕಡ್ಡಿ ಇರಲಿಲ್ಲ, ಒಂದು ಚಿಗುರಿರಲಿಲ್ಲ. ಬೇರುಸಮೇತ ಕಿತ್ತ ರಾಶಿ ಅವಳ ಬೆನ್ನ ಹಿಂದೆ ಬಿದ್ದಿತ್ತು, ಬುಟ್ಟಿ ಇರುತ್ತಿದ್ದ ಜಾಗದಲ್ಲೇ.

ಎಷ್ಟು ಹೊತ್ತಾದರೂ ಬಾರದ ಅತ್ತಿಗೆಯನ್ನು ಹುಡುಕಿಕೊಂಡು ನಾದಿನಿ ಹಿತ್ತಲಿಗೆ ಬಂದ ಹೊತ್ತಿಗೆ ಸೊಪ್ಪಕ್ಕ ಆ ಬರಿ ಮಣ್ಣಿನ ಎದುರು ಕೂತಿದ್ದಳು. ಅಳುತ್ತಿದ್ದಳೋ ಏನೋ, ಅವಳಿಗೇ ಗೊತ್ತಿದ್ದಂತಿರಲಿಲ್ಲ.

"ಅಮ್ಮ ಇದ್ದಿದ್ರೆ ಇವತ್ತು ಎಲ್ಲಿಗೆ ಬಾರಿಸ್ತಿದ್ಲು, ಹೇಳು" ಎಂದಳು. "ಬಿಡಬೇಕಾದ್ದನ್ನ ಕಿತ್ತೆ, ಕೀಳಬೇಕಾದ್ದನ್ನ ಬಿಟ್ಟೆ. ಯಾವುದು ಯಾವಾಗ ಅಂತ ಈ ಕೈಗೆ ಯಾರು ಹೇಳಿಕೊಡ್ತಾರೆ?"

ನಾದಿನಿ ರಾಶಿ ಕೆದಕಿ, ಬೇರಿಗೆ ಇನ್ನೂ ಮಣ್ಣು ಹಿಡಿದಿದ್ದ ಒಂದು ಕಡ್ಡಿ ಆರಿಸಿ, ಬೆರಳಲ್ಲಿ ಗುಳಿ ಮಾಡಿ ಊರಿದಳು. ಬುಡ ಒತ್ತಿದಳು.

"ಹಿಡಿಯುತ್ತಾ?"

"ಗೊತ್ತಿಲ್ಲ ಅತ್ತಿಗೆ. ನೀರು ನೀವು ಚಿಮುಕಿಸಿ."

ಸೊಪ್ಪಕ್ಕ ಕೈ ಚಾಚಿದಳು, ಅರ್ಧಕ್ಕೇ ಹಿಂದೆ ಎಳೆದುಕೊಂಡಳು. "ಬೇಡ. ಈ ಕೈನ ನಾನು ನಂಬಲ್ಲ. ನೀನೇ ಹಾಕು."

ನಾದಿನಿ ಚೊಂಬು ತರಲು ಒಳಗೆ ಹೋದಳು. ಸೊಪ್ಪಕ್ಕ ಎರಡೂ ಕೈಗಳನ್ನು ಕಂಕುಳಲ್ಲಿ ಬಿಗಿಯಾಗಿ ಸಿಕ್ಕಿಸಿಕೊಂಡು, ಆ ಒಂಟಿ ಕಡ್ಡಿಯನ್ನು ಕಾಯುತ್ತ ಕೂತಳು.